ಆಣೆ, ಪ್ರಮಾಣ, ದೃಢೀಕರಣ: ಸಾಕ್ಷಿಕಟ್ಟೆಯಲ್ಲಿ ಯಾವುದಕ್ಕೆ ಎಷ್ಟು ತೂಕ?

ಪ್ರಶ್ನೆ (ಗೋಕಾಕ ತಾಲೂಕಿನಿಂದ): ವಕೀಲ ಸಾಹೇಬರಿಗೆ ನಮಸ್ಕಾರ. ಹೊಲದ ಬದುವಿನ ಸಲುವಾಗಿ ನಮ್ಮ ತಂದೆಯವರಿಗೂ ಕಾಕಾ ಅವರಿಗೂ ದಾವೆ ನಡೆದಿದೆ. ಎಲ್ಲಮ್ಮನ ಭಂಡಾರ (ದೇವಿಯ ಅರಿಶಿನ ಪುಡಿ) ಮುಟ್ಟಿ ಆಣೆ ಮಾಡಿದರೆ ವ್ಯಾಜ್ಯ ಮುಗಿಯಿತು ಎನ್ನುತ್ತಾರೆ ಊರ ಹಿರಿಯರು. ತಂದೆಯವರು ಯಾವ ದೇವರ ಮೇಲೂ ಆಣೆ ಮಾಡುವವರಲ್ಲ. ಕೋರ್ಟಿನಲ್ಲಿ ದೇವರ ಹೆಸರು ಹೇಳದಿದ್ದರೆ ಅವರ ಸಾಕ್ಷ್ಯದ ತೂಕ ಕಡಿಮೆಯಾಗುವುದೇ?

ಉತ್ತರ (ಬಾಗಲಕೋಟೆಯ ಸಿವಿಲ್ ವಕೀಲರಿಂದ): ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ದೇವರ ಹೆಸರಿನಲ್ಲಿ ಸತ್ಯ ಹೇಳುತ್ತೇನೆಂದರೆ ಅದು ಪ್ರಮಾಣ. ದೇವರ ಹೆಸರಿಲ್ಲದೆ, ಸತ್ಯನಿಷ್ಠೆಯಿಂದ ಹೇಳುತ್ತೇನೆಂದರೆ ಅದು ದೃಢೀಕರಣ. ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬುದನ್ನು 1969ರ ಪ್ರಮಾಣಗಳ ಅಧಿನಿಯಮದ 5ನೆಯ ಕಲಮು ಸಾಕ್ಷಿದಾರರಿಗೇ ಬಿಟ್ಟಿದೆ. ತಂದೆಯವರು ಸಾಕ್ಷಿಕಟ್ಟೆ ಏರಿದ ಕೂಡಲೇ ತಮಗೆ ದೃಢೀಕರಣ ಬೇಕೆಂದು ಹೇಳಿದರೆ ಸಾಕು, ಕಾರಣ ಕೊಡಬೇಕಿಲ್ಲ. ಸುಳ್ಳು ಹೇಳಿದರೆ ಆಗುವ ಶಿಕ್ಷೆಯೂ ಇಬ್ಬರಿಗೂ ಒಂದೇ: ಭಾರತೀಯ ನ್ಯಾಯ ಸಂಹಿತೆಯ 229ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ.

ಹಿರಿಯರ ಮಾತಿಗೂ ಹಿನ್ನೆಲೆಯೊಂದಿದೆ, ಅದನ್ನು ಹಗುರವಾಗಿ ಕಾಣಬಾರದು. 1873ರ ಹಳೆಯ ಕಾಯಿದೆಯಲ್ಲಿ, ಎದುರಾಳಿಯು ಇಂಥ ಆಣೆ ಮಾಡಿ ಹೇಳಿದರೆ ತಾನು ಅದಕ್ಕೆ ಬದ್ಧನೆಂದು ಒಬ್ಬ ಪಕ್ಷಗಾರನು ಒಪ್ಪಿಕೊಂಡರೆ, ಹಾಗೆ ಆಣೆ ಮಾಡಿ ನುಡಿದ ಸಾಕ್ಷ್ಯವೇ ಅವನ ಮಟ್ಟಿಗೆ ನಿರ್ಣಾಯಕವಾಗುತ್ತಿತ್ತು. 1969ರ ಕಾಯಿದೆ ಆ ಏರ್ಪಾಡನ್ನು ಕೈಬಿಟ್ಟಿತು. ಆದ್ದರಿಂದ ಭಂಡಾರ ಮುಟ್ಟಿ ಮಾಡಿದ ಆಣೆಯೊಂದರಿಂದಲೇ ಇಂದು ಬದು ಯಾರದೆಂದು ತೀರ್ಮಾನವಾಗುವುದಿಲ್ಲ. ಅದಕ್ಕೆ ಸರ್ವೆ ನಕಾಶೆ, ಪಹಣಿ, ಖರೀದಿಪತ್ರ, ಸಾಕ್ಷಿದಾರರು ಬೇಕು. ಗುಡಿಯ ಮುಂದೆ ಅಣ್ಣತಮ್ಮಂದಿರ ಮನಸ್ಸು ಕೂಡಿದರೆ ಬಹಳ ಒಳ್ಳೆಯದೇ. ಆಗ ರಾಜಿಯ ಷರತ್ತುಗಳನ್ನು ಬರೆದು, ಇಬ್ಬರೂ ಸಹಿ ಮಾಡಿ ಕೋರ್ಟಿಗೆ ಸಲ್ಲಿಸಿದರೆ ಅದರಂತೆಯೇ ಡಿಕ್ರಿ ಆಗುತ್ತದೆ.

ಶಪಥ, ಪ್ರತಿಜ್ಞೆ ಎಂಬ ಪದಗಳು ಹೆಚ್ಚಾಗಿ ಮುಂದೆ ಮಾಡುವ ಕೆಲಸದ ಸಂಕಲ್ಪಕ್ಕೆ ಸಲ್ಲುತ್ತವೆ. ನಡೆದದ್ದನ್ನು ಹೇಳುವ ಸಾಕ್ಷಿದಾರರಿಗೆ ಅವುಗಳ ಅಗತ್ಯವಿಲ್ಲ.

ಮರುಪ್ರಶ್ನೆ (ಅದೇ ಓದುಗರಿಂದ): ಕೋರ್ಟಿಗೆ ಕೊಡುವ ನಮ್ಮ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಪ್ರಮಾಣ, ದೃಢೀಕರಣ ಎರಡೂ ಪದಗಳು ಅಚ್ಚಾಗಿವೆ. ಇನ್ನೊಂದು ಮಾತು, ಗಡಿಕಲ್ಲು ಕಿತ್ತದ್ದನ್ನು ನನ್ನ ಹತ್ತು ವರ್ಷದ ಮಗಳು ನೋಡಿದ್ದಾಳೆ. ಅವಳೂ ಪ್ರಮಾಣ ಮಾಡಬೇಕೇ?

ಉತ್ತರ: ಬೇಡವಾದ ಪದವನ್ನು ಹೊಡೆದುಹಾಕಿಸಿ, ಆಮೇಲೆ ನೋಟರಿಯವರ ಎದುರು ಸಹಿ ಮಾಡಿಸಿ. ಪ್ರಮಾಣಪತ್ರದ ಒಂದೊಂದು ಪ್ಯಾರಾವನ್ನೂ ತಂದೆಯವರಿಗೆ ಓದಿ ಹೇಳಿ. ತಾವು ಕಣ್ಣಾರೆ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು ಎಂಬುದು ಅದರಲ್ಲಿ ಬೇರೆಬೇರೆಯಾಗಿ ಇರಲೇಬೇಕು, ಏಕೆಂದರೆ ಪಾಟೀಸವಾಲಿನಲ್ಲಿ ಮೊದಲು ಹಿಡಿಯುವುದೇ ಅದನ್ನು. ಹನ್ನೆರಡು ವರ್ಷದೊಳಗಿನ ಮಗುವಿಗೆ ಪ್ರಮಾಣವೆಂದರೇನು ಎಂಬುದು ತಿಳಿಯದಿದ್ದರೂ, ಸತ್ಯ ಹೇಳಬೇಕೆಂಬ ಅರಿವಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ, ಪ್ರಮಾಣವಿಲ್ಲದೆಯೇ ಅವಳ ಹೇಳಿಕೆಯನ್ನು ದಾಖಲಿಸಿಕೊಳ್ಳುತ್ತಾರೆ. ಆದರೆ ಬೇರೆ ಸಾಕ್ಷಿ ಸಿಗುವುದಾದರೆ, ಸ್ವಂತ ಅಜ್ಜನ ತಮ್ಮನ ಎದುರು ನಿಂತು ಮಾತಾಡುವ ಕಷ್ಟವನ್ನು ಆ ಮಗುವಿಗೆ ಕೊಡಬೇಡಿರಿ.