ಅಪ್‌ಡೇಟ್: ಸ್ಟಾರ್ಟಪ್‌ನ ಸೇಲ್ಸ್ ಹುದ್ದೆಯ ಬಗ್ಗೆ ನಾನು ಕೈಗೊಂಡ ತೀರ್ಮಾನ

ಸ್ಥಿರವಾದ ಕೆಲಸವನ್ನು ಬಿಟ್ಟು ಸಣ್ಣ ಸ್ಟಾರ್ಟಪ್ ಒಂದರ ಸೇಲ್ಸ್ ಹುದ್ದೆಗೆ ಸೇರುವುದು ಎಷ್ಟರ ಮಟ್ಟಿಗೆ ಸುರಕ್ಷಿತ ಎಂದು ನಾನು ಹಿಂದೆ ಕೇಳಿದ್ದೆ. ಕಂಪನಿಯ ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಲುತ್ತದೆ ಎಂಬುದನ್ನು ಮೊದಲು ವಿಚಾರಿಸುವಂತೆ ಹಲವರು ಸಲಹೆ ನೀಡಿದ್ದಿರಿ. ಅದರಂತೆ ಸಂಸ್ಥಾಪಕರನ್ನೇ ನೇರವಾಗಿ ಕೇಳಿದಾಗ, ಅವರು ಬ್ಯಾಂಕಿನಲ್ಲಿರುವ ಮೊತ್ತವನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿ, ಸುಮಾರು ಒಂದೂವರೆ ವರ್ಷಕ್ಕೆ ಸಾಲುತ್ತದೆ ಎಂದು ಮುಚ್ಚುಮರೆಯಿಲ್ಲದೆ ತೋರಿಸಿದರು.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆಯೇ ಸಂಗತಿ. ಈಗಿನ ಗ್ರಾಹಕರಲ್ಲಿ ಬಹುತೇಕರು ಸಂಸ್ಥಾಪಕರ ಪರಿಚಯದಿಂದ ಬಂದವರು. ಸೇಲ್ಸ್ ಸಿಬ್ಬಂದಿ ತಾವಾಗಿ ಗಳಿಸಿದವರು ಬೆರಳೆಣಿಕೆಯಷ್ಟು. ಅಂಥ ಕಡೆ ಟಾರ್ಗೆಟ್ ಬರೀ ಅಂದಾಜಿನ ಮೇಲೆ ನಿಂತಿರುತ್ತದೆ, ಅದು ತಲೆಕೆಳಗಾದರೆ ಕುತ್ತು ಬರುವುದು ಮಾರಾಟ ಮಾಡುವವರ ಕೆಲಸಕ್ಕೇ.

ಹಾಗಾಗಿ ಮೊದಲ ಆರು ತಿಂಗಳು ಟಾರ್ಗೆಟ್ ತಗ್ಗಿಸಬೇಕು, ವೇತನದ ನಿಗದಿತ ಭಾಗವನ್ನು ಹೆಚ್ಚಿಸಬೇಕು, ಕೆಲಸದಿಂದ ತೆಗೆದರೂ ಅಷ್ಟರೊಳಗೆ ನಾನು ಕುದುರಿಸಿದ ವ್ಯವಹಾರಗಳ ಕಮಿಷನ್ ಕೊಡಬೇಕು ಎಂದು ಕೋರಿದೆ. ಮೊದಲನೆಯದನ್ನೂ ಕೊನೆಯದನ್ನೂ ಆಫರ್ ಲೆಟರ್‌ನಲ್ಲೇ ಸೇರಿಸಿದರು. ನಿಗದಿತ ವೇತನ ಮಾತ್ರ ಏರಲಿಲ್ಲ. ನನಗೆ ಕಮಿಷನ್ನಿನ ಷರತ್ತೇ ಮುಖ್ಯವಾಗಿದ್ದುದರಿಂದ ಒಪ್ಪಿಕೊಂಡೆ. ಮುಂದಿನ ತಿಂಗಳು ಸೇರುತ್ತಿದ್ದೇನೆ.