ಶುಕ್ರವಾರ ರಾತ್ರಿ ಸ್ಟುಟ್‌ಗಾರ್ಟ್‌ಗೆ ಬಂದಿಳಿಯುತ್ತೇನೆ, ಸೋಮವಾರದವರೆಗೆ ಏನು ಮಾಡಲಿ?

ಚನ್ನಗಿರಿ ಹುಡುಗ:

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಸ್ಟುಟ್‌ಗಾರ್ಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್‌ಸಿ. ಸೀಟು ಸಿಕ್ಕಿದೆ, ವೀಸಾನೂ ಕೈಗೆ ಬಂತು. ಅಕ್ಟೋಬರ್ 2, ಶುಕ್ರವಾರ ರಾತ್ರಿ 8ರ ಸುಮಾರಿಗೆ ಅಲ್ಲಿ ಇಳಿಯುತ್ತೇನೆ. ವಿಮಾನ ಹತ್ತುವುದು ಇದೇ ಮೊದಲು. ನಮ್ಮ ಮನೆಯಲ್ಲಿ ಹೊರದೇಶ ನೋಡಿದವರು ಯಾರೂ ಇಲ್ಲ, ಕೇಳೋಣ ಅಂದರೆ ಗೊತ್ತಿರುವವರೂ ಇಲ್ಲ.

ಫೈಹಿಂಗೆನ್ ಕ್ಯಾಂಪಸ್ ಪಕ್ಕದ ವಿದ್ಯಾರ್ಥಿ ಹಾಸ್ಟೆಲ್‌ನಲ್ಲಿ ರೂಮು ಸಿಕ್ಕಿದೆ. ಬಾಡಿಗೆ 1ನೇ ತಾರೀಖಿನಿಂದ ಶುರು. ಆದರೆ ಕೀ ಕೊಡುವವರು ವಾರದ ದಿನಗಳಲ್ಲಿ, ಅದೂ ಹಗಲು ಹೊತ್ತು ಮಾತ್ರ ಸಿಗುತ್ತಾರಂತೆ. 3ನೇ ತಾರೀಖು ಶನಿವಾರ ಅಲ್ಲಿ ರಾಷ್ಟ್ರೀಯ ರಜೆ, ಮರುದಿನ ಭಾನುವಾರ, ಎರಡು ದಿನವೂ ಅಂಗಡಿ ಬಂದ್ ಅಂತ ಈಗಷ್ಟೇ ಗೊತ್ತಾಯಿತು. ಎಲ್ಲಿ ಮಲಗಲಿ, ಏನು ತಿನ್ನಲಿ?

ಇನ್ನೊಂದು ದುಡ್ಡಿನ ಚಿಂತೆ. ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ ದುಡ್ಡು ಕಟ್ಟಿಡುವ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೊ ಹಾಕಿದ್ದೇವೆ. ಅದಕ್ಕೆ ಅಪ್ಪ ಅಡಿಕೆ ತೋಟದ ಮೇಲೆ ಸಾಲ ಮಾಡಿದ್ದಾರೆ. ಆ ದುಡ್ಡು ಹೋದ ತಕ್ಷಣ ಸಿಗುತ್ತಾ? ಅಮ್ಮ ತುಪ್ಪ, ಕರಿಬೇವು, ಚಟ್ನಿಪುಡಿ ಎಲ್ಲ ಕಟ್ಟಲು ಕೂತಿದ್ದಾರೆ. ಏನು ತರಬಹುದು, ಏನು ತರಬಾರದು? ಜರ್ಮನ್ ಭಾಷೆ ಎ1, ಅಂದರೆ ಮೊದಲ ಹಂತ, ಮುಗಿಸಿದ್ದೇನೆ ಅಷ್ಟೇ. ಗೊತ್ತಿರುವವರು ದಯವಿಟ್ಟು ಹೇಳಿ.

ಮಲೆನಾಡ ಮಳೆ:

ಅಪ್ಪನ ಸಾಲದ ಮಾತು ಓದಿದ ಮೇಲೆ ಉತ್ತರ ಬರೆಯದೆ ಇರಲಾಗಲಿಲ್ಲ. ನಾನು ತೀರ್ಥಹಳ್ಳಿ ಕಡೆಯವಳು. ಅದೇ ಕ್ಯಾಂಪಸ್, ಈಗ ಥೀಸಿಸ್ ಬರೆಯುತ್ತಿದ್ದೇನೆ. ನನಗಿಂತ ಚಿಕ್ಕವನು ಅಂತ ‘ನೀನು’ ಅಂತಲೇ ಬರೆಯುತ್ತೇನೆ ತಮ್ಮಾ.

ಕೀ ವಿಷಯ ಇವತ್ತೇ ಹಿಡಿ. ಬಾಡಿಗೆ ಕರಾರಿನ ಜೊತೆ ಹೌಸ್‌ಮೈಸ್ಟರ್, ಅಂದರೆ ಕಟ್ಟಡ ನೋಡಿಕೊಳ್ಳುವವರ ಮೇಲ್ ವಿಳಾಸ ಬಂದಿರುತ್ತದೆ. ನಿನ್ನ ಪರವಾಗಿ ಬೇರೆಯವರು ಹಗಲಲ್ಲೇ ಬಂದು ಕೀ ತೆಗೆದುಕೊಳ್ಳಬಹುದಾ ಅಂತ ಕೇಳು. ಇದಕ್ಕೆ ಫೋಲ್‌ಮಾಖ್ಟ್ ಅಂತ ಒಂದು ಒಪ್ಪಿಗೆ ಪತ್ರ ಬೇಕು. ನಿನ್ನ ಹೆಸರು, ಕೀ ತೆಗೆದುಕೊಳ್ಳುವವರ ಹೆಸರು, ರೂಮ್ ನಂಬರ್, ಸಹಿ, ಜೊತೆಗೆ ಪಾಸ್‌ಪೋರ್ಟ್ ಪ್ರತಿ. ಇಷ್ಟಿದ್ದರೆ ಸಾಮಾನ್ಯವಾಗಿ ಕೊಡುತ್ತಾರೆ. ನನ್ನ ಜೂನಿಯರ್‌ಗಳಿಗೆ ನಾನು ಹೀಗೆ ತೆಗೆದಿಟ್ಟಿದ್ದೇನೆ. ನಿನಗೂ ತೆಗೆದಿಡುತ್ತೇನೆ, ಇಲ್ಲೇ ಮೆಸೇಜ್ ಹಾಕು. ಅವರು ಒಪ್ಪದಿದ್ದರೆ ಮಾತ್ರ ಹೊರಗೆ ರೂಮು ನೋಡು, ಆದರೆ ತಡ ಮಾಡಬೇಡ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಎರಡನೇ ವಾರದವರೆಗೆ ಊರಲ್ಲಿ ಕಾನ್‌ಸ್ಟಾಟ್ ಜಾತ್ರೆ. ಆಗ ಹೋಟೆಲ್ ರೇಟು ಸಿಕ್ಕಾಪಟ್ಟೆ ಏರುತ್ತದೆ, ಟ್ರೇನ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಏರ್‌ಪೋರ್ಟ್‌ನಿಂದ ಬರುವುದು ಸುಲಭ. ಕೆಳಗೇ ಎಸ್-ಬಾನ್, ಅಂದರೆ ಲೋಕಲ್ ಟ್ರೇನ್ ನಿಲ್ದಾಣ ಇದೆ. ಎಸ್2 ಅಥವಾ ಎಸ್3 ಹತ್ತಿ ‘ಊನಿವರ್ಸಿಟೇಟ್’ ಅನ್ನುವ ಸ್ಟಾಪ್‌ನಲ್ಲಿ ಇಳಿ. ಹತ್ತುವ ಮೊದಲು ಟಿಕೆಟ್ ತೆಗೆದುಕೋ. ಇಲ್ಲಿ ಗೇಟ್ ಇಲ್ಲ, ಕಂಡಕ್ಟರ್ ಇಲ್ಲ, ಆದರೆ ತಪಾಸಣೆಯವರು ಬಂದಾಗ ಟಿಕೆಟ್ ಇಲ್ಲದಿದ್ದರೆ 60 ಯೂರೊ ದಂಡ. ಹೊಸಬ ಅಂದರೂ ಬಿಡುವುದಿಲ್ಲ.

ರೂಮಿನಲ್ಲಿ ಮಂಚ, ಹಾಸಿಗೆ, ಮೇಜು ಇರುತ್ತದೆ. ದಿಂಬು, ಹೊದಿಕೆ, ಬೆಡ್‌ಶೀಟ್ ಇರುವುದಿಲ್ಲ. ನೀನು ಬರುವ ಹೊತ್ತಿಗೆ ಅವನ್ನು ಮಾರುವ ಅಂಗಡಿ ಮುಚ್ಚಿರುತ್ತವೆ. ಆದ್ದರಿಂದ ಒಂದು ದಪ್ಪ ರಗ್ಗು, ಒಂದು ಬೆಡ್‌ಶೀಟ್ ಊರಿಂದಲೇ ತಾ. ಅಕ್ಟೋಬರ್ ರಾತ್ರಿ ಇಲ್ಲಿ ಚಳಿ ಇರುತ್ತದೆ. ಊಟಕ್ಕೆ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸಾಕು. ಕೆಲವು ಸೂಪರ್‌ಮಾರ್ಕೆಟ್‌ಗಳು ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತವೆ. ಬ್ಯಾಗು ಇಟ್ಟು ನೇರ ಅಲ್ಲಿಗೆ ಹೋಗೋಣ. ಹಾಲು, ಮೊಸರು, ಅಕ್ಕಿ, ಬ್ರೆಡ್ ತಂದಿಟ್ಟರೆ ಸೋಮವಾರದವರೆಗೆ ಯೋಚನೆ ಇಲ್ಲ. ರಜೆಯಲ್ಲೂ ಏರ್‌ಪೋರ್ಟ್ ಮತ್ತು ದೊಡ್ಡ ರೈಲು ನಿಲ್ದಾಣಗಳ ಅಂಗಡಿ, ಪೆಟ್ರೋಲ್ ಬಂಕ್ ಸಾಮಾನ್ಯವಾಗಿ ತೆರೆದಿರುತ್ತವೆ, ರೇಟು ಮಾತ್ರ ಜಾಸ್ತಿ.

ತುಪ್ಪ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಪೇಡಾನೂ ಬೇಡ. ಹಸಿ ಕರಿಬೇವನ್ನೂ ತರುವಂತಿಲ್ಲ, ಗಿಡದ ಹಸಿ ಎಲೆಗೆ ಬೇರೆ ಪ್ರಮಾಣಪತ್ರ ಕೇಳುತ್ತಾರೆ. ಚಟ್ನಿಪುಡಿಗೇ ಕರಿಬೇವು ಜಾಸ್ತಿ ಹಾಕಿ ಕುಟ್ಟಲು ಅಮ್ಮನಿಗೆ ಹೇಳು. ತುಪ್ಪದ ಬದಲು ಇಲ್ಲಿ ಬುಟರ್‌ಶ್ಮಾಲ್ಟ್ಸ್ ಸಿಗುತ್ತದೆ, ಅದೂ ಬೆಣ್ಣೆ ಕಾಯಿಸಿದ್ದೇ. ಉಪ್ಪಿಟ್ಟಿಗೆ ಹಾರ್ಟ್‌ವೈಟ್ಸೆನ್ ಅಂತ ಬರೆದಿರುವ ರವೆ ತಗೋ. ವೈಖ್‌ವೈಟ್ಸೆನ್ ಅಂತ ಇರುವುದು ನುಣ್ಣಗಿರುತ್ತದೆ, ನೀರು ಬಿದ್ದ ಕೂಡಲೇ ಅಂಟಂಟಾಗುತ್ತದೆ. ಕೊತ್ತಂಬರಿ, ಹಸಿಮೆಣಸು, ಮಸೂರ್ ಬೇಳೆಗೆ ಟರ್ಕಿಯವರ ಅಂಗಡಿ ಒಳ್ಳೆಯದು, ಕಟ್ಟು ದೊಡ್ಡದು, ರೇಟು ಕಡಿಮೆ. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳ ಇರುವ ಸ್ಟೀಲಿನದ್ದು ತಾ. ಅಲ್ಯೂಮಿನಿಯಂದು ಇಂಡಕ್ಷನ್ ಒಲೆಯ ಮೇಲೆ ಕಾಯುವುದೇ ಇಲ್ಲ.

ಈಗ ಮುಖ್ಯವಾದದ್ದು. ಇಲ್ಲಿ ನಿನ್ನ ಬದುಕು ಅನ್‌ಮೆಲ್ಡುಂಗ್ ಎಂಬ ಒಂದು ಕಾಗದದಿಂದ ಶುರುವಾಗುತ್ತದೆ. ನಾನು ಈ ಮನೆಯಲ್ಲಿದ್ದೇನೆ ಅಂತ ಊರಿನ ಕಚೇರಿಯಲ್ಲಿ ನೋಂದಾಯಿಸುವುದು. ಮನೆಗೆ ಬಂದ 2 ವಾರದೊಳಗೆ ಮಾಡಬೇಕು ಅಂತ ಕಾನೂನು. ಅದಕ್ಕೆ ಪಾಸ್‌ಪೋರ್ಟ್ ಜೊತೆ, ನೀನು ಅಲ್ಲಿ ವಾಸಕ್ಕೆ ಬಂದಿದ್ದೀಯ ಅಂತ ಮನೆ ಕೊಟ್ಟವರು ಬರೆದುಕೊಡುವ ಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ, ಆ ಪತ್ರವೇ ಬೇಕು. ಅದನ್ನು ಕೀ ಜೊತೆಯಲ್ಲೇ ಕೇಳಿ ಇಸಕೊಳ್ಳೋಣ. ಎಷ್ಟೋ ಬ್ಯಾಂಕುಗಳು ಖಾತೆಗೆ ಈ ನೋಂದಣಿ ಕೇಳುತ್ತವೆ. ಟ್ಯಾಕ್ಸ್ ನಂಬರ್ ಇದಾದ ಮೇಲೆಯೇ ಅಂಚೆಯಲ್ಲಿ ಬರುತ್ತದೆ. ವೀಸಾ ಮುಗಿಯುವ ಮೊದಲು ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಲೂ ಇದು ಬೇಕು. ಬ್ಲಾಕ್ಡ್ ಅಕೌಂಟ್ ದುಡ್ಡೂ ಅಷ್ಟೇ, ಇಲ್ಲಿ ಒಂದು ಖಾತೆ ತೆರೆದ ಮೇಲೆ ತಿಂಗಳಿಗೆ 992 ಯೂರೊದಂತೆ ಅದಕ್ಕೆ ಬೀಳುತ್ತದೆ. ಹೋದ ತಕ್ಷಣ ಸಿಗುವುದಿಲ್ಲ. ಮೊದಲ ತಿಂಗಳ ಬಾಡಿಗೆ, ಹಾಸ್ಟೆಲ್ ಡಿಪಾಸಿಟ್, ಊಟ ಎಲ್ಲಕ್ಕೂ ಬೇರೆ ದುಡ್ಡು ಬೇಕು. ಫಾರೆಕ್ಸ್ ಕಾರ್ಡ್‌ನಲ್ಲಿ 1,000 ಯೂರೊ ಆದರೂ ಇಟ್ಟುಕೋ, ಸ್ವಲ್ಪ ನೋಟೂ ಇರಲಿ. ಅಪ್ಪನಿಗೆ ಈಗಲೇ ಹೇಳು, ಆಮೇಲೆ ಅವರು ಗಾಬರಿಯಾಗುವುದು ಬೇಡ.

ನೋಂದಣಿಗೆ ಆನ್‌ಲೈನ್‌ನಲ್ಲಿ ಸಮಯ ತಗೊಳ್ಳಬೇಕು. ಅಕ್ಟೋಬರ್‌ನಲ್ಲಿ ಹೊಸ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಬರುತ್ತಾರೆ, ಜಾಗ ಬೇಗ ತುಂಬುತ್ತದೆ. ಚನ್ನಗಿರಿಯಲ್ಲಿ ಕೂತೇ ಬುಕ್ ಮಾಡು.

ಇದರ ಜೊತೆ ಒಂದು ಸಣ್ಣ ಕೆಲಸ. ಹಾಸ್ಟೆಲ್ ಬಾಗಿಲ ಬಳಿ ಸಾಲಾಗಿ ತಗಡಿನ ಅಂಚೆ ಪೆಟ್ಟಿಗೆಗಳಿರುತ್ತವೆ. ಪ್ರತಿಯೊಂದರ ಮೇಲೂ ಬೆರಳಗಲದ ಒಂದು ಪಟ್ಟಿ, ಅದರಲ್ಲಿ ಹೆಸರು. ಅಂಚೆಯವರು ಆ ಹೆಸರು ನೋಡಿಯೇ ಹಾಕುವುದು. ಹಿಂದಿದ್ದವರ ಹೆಸರೇ ಉಳಿದಿದ್ದರೆ ನಿನ್ನ ಪತ್ರ ವಾಪಸ್. ನಮ್ಮ ಮಹಡಿಯ ಹುಡುಗನೊಬ್ಬನಿಗೆ ಬ್ಯಾಂಕ್ ಕಾರ್ಡ್ ಹಾಗೇ ಹೋಯಿತು. ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ ಬರುತ್ತದೆ. ಅವನಿಗೆ ಪಿನ್ ಮಾತ್ರ ಸಿಕ್ಕಿತು, ಮತ್ತೆ ಕಾರ್ಡ್ ತರಿಸುವವರೆಗೆ ಎಲ್ಲರ ಹತ್ತಿರ ಕೈಗಡ ಮಾಡಿ ಸಾಗಿಸಿದ. ಮೊದಲ ರಾತ್ರಿಯೇ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆ ಹೆಸರು ಬರೆದು ಅಂಟಿಸು. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಬಿಡಿಸಿ ಬರೆದಿರುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ. ಇಲ್ಲಿ ಎಲ್ಲ ಕಡೆಯೂ ಒಂದೇ ಥರ ಇರಲಿ.

ಭಾಷೆ ಬಗ್ಗೆ ಹೆದರಬೇಡ. ಪಾಠ, ಪ್ರೊಫೆಸರು ಎಲ್ಲ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಕಚೇರಿಯಲ್ಲಿ ಮಾತ್ರ ಜರ್ಮನ್ ಜಾಸ್ತಿ. ಬೇಕಾದ ನಾಲ್ಕು ಸಾಲು ಬರೆದುಕೊಂಡು ಹೋಗಿ ನಿಧಾನಕ್ಕೆ ಓದು, ಅವರು ಕೇಳಿಸಿಕೊಳ್ಳುತ್ತಾರೆ.

ಕೊನೆಯದಾಗಿ, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಅಡುಗೆ ಮಾಡಿ ತಟ್ಟೆ ಹಿಡಿದು ರೂಮಿಗೆ ಹೋಗಬೇಡ. ಮಹಡಿಯವರಿಗೆಲ್ಲ ಸೇರಿ ಒಂದು ಅಡುಗೆಮನೆ ಇರುತ್ತದೆ, ಅಲ್ಲೇ ಕೂತು ಉಣ್ಣು. ನಾನು ಬಂದ ಹೊಸದರಲ್ಲಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ ಪಕ್ಕದ ರೂಮಿನ ಜರ್ಮನ್ ಹುಡುಗಿ ಬಂದು ಸುಮ್ಮನೆ ಕಿಟಕಿ ತೆರೆದಳು. ಬೈಯಲು ಬಂದಳೇನೋ ಅಂದುಕೊಂಡೆ. ಅವಳು ಹೊಗೆ ಅಲಾರಂ ತೋರಿಸಿ, ಸಾಸಿವೆ ಹಾಕುವ ಮೊದಲೇ ಕಿಟಕಿ ತೆಗೆದುಬಿಡು ಅಂದಳು. ಆಮೇಲೆ ಒಂದು ತಟ್ಟೆ ತಂದು ಎದುರು ಕೂತಳು. ಅನ್‌ಮೆಲ್ಡುಂಗ್ ಅರ್ಜಿ ತುಂಬಿಸಿಕೊಟ್ಟದ್ದು ಅವಳೇ. ಅಕ್ಟೋಬರ್ 25ಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಐದೂವರೆಗೆಲ್ಲ ಕತ್ತಲೆ. ನವೆಂಬರ್ ಬರುವ ಮೊದಲೇ ಊಟಕ್ಕೆ ಜೊತೆ ಮಾಡಿಕೊಂಡಿರಬೇಕು ತಮ್ಮಾ.

ಬಾಗಲಕೋಟೆ ಮಂದಿ:

ಅಕ್ಕಾವ್ರು ಎಲ್ಲಾ ಹೇಳಿದ್ದಾರೆ, ಎರಡೇ ಮಾತು ಸೇರಿಸುತ್ತೇನೆ. ನಾನು ಎಸ್ಲಿಂಗೆನ್‌ನಲ್ಲಿ ಕೆಲಸದಲ್ಲಿದ್ದೇನೆ.

ಚಳಿ ಜಾಕೆಟ್ ಬೆಂಗಳೂರಲ್ಲಿ ಕೊಳ್ಳಬೇಡಿ. ಇಲ್ಲಿನ ಗಾಳಿಗೆ ಅದು ತಡೆಯುವುದಿಲ್ಲ, ಬ್ಯಾಗಿನ ಅರ್ಧ ಜಾಗವೂ ತಿನ್ನುತ್ತದೆ. ಒಂದು ಸ್ವೆಟರ್ ಸಾಕು, ಉಳಿದದ್ದು ಬಂದ ಮೇಲೆ ನೋಡೋಣ. ಪ್ಲಾಸ್ಟಿಕ್ ನೀರಿನ ಬಾಟಲಿ ಎಸೆಯಬೇಡಿ. ಕೊಳ್ಳುವಾಗ ಒಂದಕ್ಕೆ 25 ಸೆಂಟ್ ಹೆಚ್ಚಿಗೆ ಹಿಡಿದಿರುತ್ತಾರೆ, ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ವಾಪಸ್ ಬರುತ್ತದೆ. ನಲ್ಲಿ ನೀರನ್ನೇ ಕುಡಿಯಬಹುದು, ಅದು ಇನ್ನೂ ಒಳ್ಳೆಯದು.

ದೇಶದಲ್ಲೆಲ್ಲ ಲೋಕಲ್ ಟ್ರೇನ್, ಬಸ್ಸಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2026ರಿಂದ ತಿಂಗಳಿಗೆ 63 ಯೂರೊ. ನಮ್ಮ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ 27ರ ಒಳಗಿನ ವಿದ್ಯಾರ್ಥಿಗಳಿಗೆ ಅದರದೇ ಅಗ್ಗದ ಟಿಕೆಟ್ ಇದೆ, ಅದನ್ನು ಮಾಡಿಸಿ. ಭಾನುವಾರ ರೂಮಲ್ಲಿ ಕೂತು ಬೇಜಾರು ಮಾಡಿಕೊಳ್ಳುವ ಬದಲು ಟ್ಯೂಬಿಂಗೆನ್‌ಗೆ ಹೋಗಿ, ಟ್ರೇನ್‌ನಲ್ಲಿ ಒಂದು ಗಂಟೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಆ ಊರಲ್ಲೇ. ನೆಕ್ಕರ್ ಹೊಳೆ ದಂಡೆಯಲ್ಲಿ ನಡೆಯುತ್ತಾ, ನಮ್ಮ ಮಾತಿಗೆ ಅಷ್ಟು ದುಡಿದ ಮನುಷ್ಯ ಇಲ್ಲಿದ್ದರಲ್ಲ ಅಂತ ನೆನೆದಾಗ ನನಗೆ ಈ ಸೀಮೆ ಮೊದಲ ಸಲ ಹತ್ತಿರದ್ದು ಅನ್ನಿಸಿತು.

ಮೈಸೂರಿನ ಅಪ್ಪ:

ನನ್ನ ಮಗಳು ಡ್ರೆಸ್ಡೆನ್‌ನಲ್ಲಿ ಓದುತ್ತಿದ್ದಾಳೆ. ಅಮ್ಮ, ಅಪ್ಪನ ಕಡೆಯಿಂದ ಒಂದು ಮಾತು. ಈಗ ಮೂರೂವರೆ ಗಂಟೆ ವ್ಯತ್ಯಾಸ, ಅಕ್ಟೋಬರ್ ಕೊನೆಯಿಂದ ನಾಲ್ಕೂವರೆ. ನೀವು ಸಂಜೆ ಕಾಲೇಜು ಮುಗಿಸಿ ಆರಕ್ಕೆ ಫೋನ್ ಮಾಡಿದರೆ ಚಳಿಗಾಲದಲ್ಲಿ ಊರಲ್ಲಿ ರಾತ್ರಿ ಹತ್ತೂವರೆ. ತೋಟದ ಕೆಲಸ ಮಾಡಿ ಬಂದವರು ನಿದ್ದೆಗೆಟ್ಟು ಕಾಯುತ್ತಾರೆ. ಬೆಳಿಗ್ಗೆ ಏಳಕ್ಕೆ, ಕ್ಲಾಸಿಗೆ ಹೊರಡುವ ಮೊದಲು ಮಾಡಿ, ಚಳಿಗಾಲದಲ್ಲಿ ಇಲ್ಲಿ ಹನ್ನೊಂದೂವರೆ ಆಗಿರುತ್ತದೆ. ನಾವು ಹಾಗೇ ಮಾಡಿಕೊಂಡಿದ್ದೇವೆ.

ತುರ್ತಿಗೆ 112, ಪೊಲೀಸರಿಗೆ 110. ರಾತ್ರಿ, ರಜೆ ದಿನ ಜ್ವರ ಬಂದು ಡಾಕ್ಟರ್ ಬೇಕಾದರೆ 116117. ಈ ನಂಬರುಗಳನ್ನು ಹೊರಡುವ ಮೊದಲೇ ಫೋನ್‌ನಲ್ಲಿ ಹಾಕಿಕೊಳ್ಳಿ, ಮನೆಯಲ್ಲೂ ಬರೆದಿಡಿ. ಒಳ್ಳೆಯದಾಗಲಿ ಮಗಾ.

ಚನ್ನಗಿರಿ ಹುಡುಗ:

ಅಕ್ಕಾ, ಅಣ್ಣಾ, ಸರ್, ಎಲ್ಲರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಅಪ್ಪ, ಅಮ್ಮನ ಮುಂದೆ ಜೋರಾಗಿ ಓದಿದೆ. ತುಪ್ಪದ ಡಬ್ಬಿ ಕೆಳಗಿಳಿಯಿತು, ರಗ್ಗು ಒಳಗೆ ಹೋಯಿತು. ಹೌಸ್‌ಮೈಸ್ಟರ್‌ಗೆ ಮೇಲ್ ಹಾಕಿದ್ದೆ, ಒಪ್ಪಿಗೆ ಪತ್ರ ಇದ್ದರೆ ಶುಕ್ರವಾರ ಮಧ್ಯಾಹ್ನ 12ರೊಳಗೆ ಕೀ ಕೊಡುತ್ತೇವೆ ಅಂದಿದ್ದಾರೆ. ಅಕ್ಕಾ, ನಿಮ್ಮ ಹೆಸರು ಹಾಕಬಹುದಾ? ಹೆಲ್ತ್ ಇನ್ಶೂರೆನ್ಸ್‌ನವರು ಯೂನಿವರ್ಸಿಟಿಗೆ ಕಳಿಸಬೇಕಾದದ್ದು ಇನ್ನೂ ಬಂದಿಲ್ಲ ಅಂತ ತೋರಿಸುತ್ತಿದೆ, ಅದಕ್ಕೇನು ಮಾಡಲಿ?

ಮಲೆನಾಡ ಮಳೆ:

ಹಾಕು, ನನ್ನ ಪೂರ್ತಿ ಹೆಸರು ಮೆಸೇಜ್‌ನಲ್ಲಿ ಕಳಿಸಿದ್ದೇನೆ. ಪತ್ರಕ್ಕೆ ಪೆನ್ನಿನಲ್ಲೇ ಸಹಿ ಮಾಡಿ ಸ್ಕ್ಯಾನ್ ಮಾಡು.

ಇನ್ಶೂರೆನ್ಸ್‌ನವರು ಕಳಿಸಬೇಕಾದದ್ದಕ್ಕೆ ಎಂ10 ಅನ್ನುತ್ತಾರೆ. ಅದು ನಿನ್ನ ಕೈಗೆ ಬರುವುದಿಲ್ಲ, ಅವರಿಂದ ಯೂನಿವರ್ಸಿಟಿಗೆ ನೇರ ಹೋಗುತ್ತದೆ. ಅದಿಲ್ಲದೆ ಅಡ್ಮಿಷನ್ ಪೂರ್ತಿಯಾಗದು. ನಿನ್ನ ಅರ್ಜಿ ನಂಬರ್ ಹಾಕಿ ಇನ್ಶೂರೆನ್ಸ್ ಕಂಪನಿಗೆ ಇವತ್ತೇ ಮೇಲ್ ಮಾಡು, ಪ್ರತಿಯನ್ನು ಅಡ್ಮಿಷನ್ ಕಚೇರಿಗೂ ಕಳಿಸು. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡು, ಕಂಪನಿಯವರು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಆಗಲೂ ಆಗದಿದ್ದರೆ ಇಲ್ಲಿ ಬರೆ, ಸೋಮವಾರ ಇಬ್ಬರೂ ಕಚೇರಿಗೆ ಹೋಗೋಣ.