ಎಚ್‌ಐವಿ ಇರುವವರೊಡನೆ ಒಂದೇ ಮನೆಯಲ್ಲಿ ಬಾಳಿದವರು ದಯವಿಟ್ಟು ಅನುಭವ ತಿಳಿಸಿ

ಅತ್ತಿಗೆ (ಪ್ರಶ್ನೆ):
ನನ್ನ ಮೈದುನನಿಗೆ ಎಚ್‌ಐವಿ ಇರುವುದು ಇತ್ತೀಚೆಗೆ ಗೊತ್ತಾಗಿ, ಚಿಕಿತ್ಸೆ ಆರಂಭವಾಗಿದೆ. ಇನ್ನು ಮುಂದೆ ಅವನು ನಮ್ಮ ಜೊತೆಯಲ್ಲೇ ಇರಲಿದ್ದಾನೆ. ಮನೆಯಲ್ಲಿ ಇರುವುದು ಒಂದೇ ಬಚ್ಚಲು. ನನ್ನ ಕಿರಿಯ ಮಗಳಿಗೆ ಯಾರ ಲೋಟ ಸಿಕ್ಕರೂ ಅದರಿಂದಲೇ ನೀರು ಕುಡಿಯುವ ಅಭ್ಯಾಸ. ಅತ್ತೆಯವರು ತಟ್ಟೆ, ಲೋಟ, ಬಕೆಟ್, ಹೊದಿಕೆ ಎಲ್ಲವನ್ನೂ ಬೇರೆ ಮಾಡಬೇಕೆನ್ನುತ್ತಾರೆ. ಹೀಗೆಲ್ಲ ಹರಡುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ, ನಾನೂ ಓದಿದ್ದೇನೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ನೀವು ಏನು ಮಾಡಿದಿರಿ, ಅದರಿಂದ ಏನಾಯಿತು?

ದೊಡ್ಡಕ್ಕನ ತಂಗಿ:
ಬೇರೆ ಲೋಟದಿಂದ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾವ ತೀರಿಕೊಂಡ ಮೇಲೆ ಅಕ್ಕ ತವರಿಗೆ ಬಂದಳು. ಅವಳ ಲೋಟ ಬೇರೆಯವುಗಳ ಜೊತೆ ಬೆರೆಯಬಾರದೆಂದು ಮನೆಯವರು ಅದರ ತಳದಲ್ಲಿ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕಿ ಇಟ್ಟಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ಅವಳೇ ಆದ್ದರಿಂದ, ಲೋಟ ಬೋರಲು ಹಾಕುವಾಗ ಚುಕ್ಕಿ ಕಣ್ಣಿಗೆ ಬಿತ್ತು. ಅಂದಿನಿಂದ ಎಲ್ಲರೊಡನೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಮೊದಲು ತಟ್ಟೆಯನ್ನು ಕೋಣೆಗೆ ಒಯ್ಯುತ್ತಿದ್ದಳು, ಆಮೇಲೆ ಹಸಿವಿಲ್ಲ ಎನ್ನತೊಡಗಿದಳು. ಅವಳಿಗೆ ಆಗ ಕೊಟ್ಟಿದ್ದದ್ದು ಊಟದ ಜೊತೆಗೇ ತೆಗೆದುಕೊಳ್ಳಬೇಕಾದ ಮಾತ್ರೆ. ಊಟ ತಪ್ಪಿದಂತೆ ಮಾತ್ರೆಯೂ ತಪ್ಪಿತು, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಏರಿತು, ಮಾತ್ರೆಗೆ ವೈರಸ್ ಬಗ್ಗದಂತಾಯಿತು. ಎರಡನೆಯ ಹಂತದ ಔಷಧಕ್ಕೆ ಬದಲಾಯಿಸಬೇಕಾಗಿ ಬಂತು. ಆ ದೊಡ್ಡ ದೊಡ್ಡ ಮಾತ್ರೆಗಳಿಂದ ಅವಳು ಪಟ್ಟ ಭೇದಿ, ವಾಕರಿಕೆಗಳನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಖರ್ಚಿನ ಮಾತೂ ಇರಲಿ. ಅವಳು ಮಲಗಿದ್ದ ಹಾಸಿಗೆ ಸುಟ್ಟರು, ಚಾಪೆ ಎಸೆದರು, ಬಕೆಟ್, ಮಗ್ಗು, ಶೌಚಾಲಯದ ಆಸನ ಎಲ್ಲವನ್ನೂ ಹೊಸದಾಗಿ ತಂದರು. ಆ ಹಣದಲ್ಲಿ ಅವಳು ತಪಾಸಣೆಗೆ ಹೋಗಿಬರುವ ಪ್ರಯಾಣದ ವೆಚ್ಚ ಎಷ್ಟೋ ಕಾಲ ನಡೆಯುತ್ತಿತ್ತು. ಕೊನೆಗೆ ನಾನು ಬಂಧುಬಳಗವನ್ನೆಲ್ಲ ಕೂರಿಸಿ, ಅವಳಿಗೆ ಇರುವುದೇನು, ಅದು ಹೇಗೆ ಹರಡುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ, ಅವಳ ಲೋಟದಿಂದಲೇ ನೀರು ಕುಡಿದು ತೋರಿಸಿದೆ. ಈಗ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೇವೆ.

ಇಬ್ಬರು ಮಕ್ಕಳ ತಂದೆ:
ಮೇಲಿನವರ ನೋವು ಅರ್ಥವಾಗುತ್ತದೆ, ಆದರೆ ಅವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಂತೆ ಕಾಣುವುದಿಲ್ಲ. ನನ್ನ ಚಿಕ್ಕಪ್ಪನನ್ನು ಯಾರೂ ಇಟ್ಟುಕೊಳ್ಳದಿದ್ದಾಗ ನಾನು ಇಟ್ಟುಕೊಂಡೆ, ಕೊನೆಯವರೆಗೂ ನೋಡಿಕೊಂಡೆ. ಎಲ್ಲವನ್ನೂ ಬೇರೆ ಇಟ್ಟೆ, ಅವರಿಗೆ ಹೇಳಿಯೇ ಇಟ್ಟೆ. ಬಟ್ಟೆಯನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಹಾಕಿ ಆಮೇಲೆ ಒಗೆಯುತ್ತಿದ್ದೆವು. ಅವರು ಬಳಸಿದ ಮೇಲೆ ಪ್ರತಿ ಸಲವೂ ಬಚ್ಚಲನ್ನು ಅದೇ ನೀರಿನಿಂದ ಉಜ್ಜುತ್ತಿದ್ದೆವು. ಬಣ್ಣದ ಬಟ್ಟೆಗಳೆಲ್ಲ ಮಚ್ಚೆ ಮಚ್ಚೆಯಾಗಿ ಹಾಳಾದವು, ನಲ್ಲಿಯ ಹೊಳಪು ಹೋಗಿ ತುಕ್ಕು ಬಂತು, ಹೆಂಡತಿಯ ಬೆರಳುಗಳ ಚರ್ಮ ಒಡೆದು ಹಿಟ್ಟು ಕಲಸುವುದೂ ಕಷ್ಟವಾಯಿತು. ನಾವೆಲ್ಲ ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಿಕೊಂಡೆವು; ಪ್ರತಿ ವರದಿಗೂ ಮುಂಚಿನ ರಾತ್ರಿ ನಿದ್ದೆ ಇಲ್ಲ. ಇಷ್ಟೆಲ್ಲ ಮಾಡಿದ್ದರಿಂದ ಮನೆಯಲ್ಲಿ ಯಾರಿಗೂ ಸೋಂಕು ತಗಲಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಪ್ರಯೋಗಾಲಯದ ತಂತ್ರಜ್ಞ:
ಯಾರಿಗೂ ತಗಲಲಿಲ್ಲ ಎಂಬುದು ನಿಜ. ಅದಕ್ಕೆ ಕಾರಣ ಬ್ಲೀಚಿಂಗ್ ಪುಡಿ ಎಂಬುದು ನಿಜವಲ್ಲ. ಚಿಕಿತ್ಸೆಯೇ ಇಲ್ಲದಿದ್ದ ಕಾಲದಲ್ಲಿ, 1986ರಲ್ಲಿ, ನ್ಯೂಯಾರ್ಕ್‌ನ ವೈದ್ಯರು ಏಡ್ಸ್ ರೋಗಿಗಳ ಜೊತೆ ಒಂದೇ ಸೂರಿನಡಿ ಬಾಳಿದ 101 ಮಂದಿಯನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಇವರು ರೋಗಿಗಳ ಲೈಂಗಿಕ ಸಂಗಾತಿಗಳಲ್ಲ, ಮನೆಯವರು. ಬಹಳ ಮಂದಿ ತಟ್ಟೆ, ಲೋಟ, ಟವೆಲ್, ಹಾಸಿಗೆ, ಶೌಚಾಲಯ ಹಂಚಿಕೊಂಡವರೇ. ಸೋಂಕು ಕಂಡದ್ದು ಒಂದು ಮಗುವಿನಲ್ಲಿ ಮಾತ್ರ, ಅದೂ ಹುಟ್ಟುವ ಹೊತ್ತಿಗೆ ತಾಯಿಯಿಂದ ಬಂದಿರಬೇಕು ಎಂಬುದು ಅವರ ತೀರ್ಮಾನ. ರಕ್ತ, ವೀರ್ಯ, ಯೋನಿ ಮತ್ತು ಗುದದ ದ್ರವ, ಎದೆಹಾಲು, ಇವುಗಳ ಮೂಲಕ ಹರಡುವ ವೈರಸ್ ಇದು. ಎಂಜಲು, ಬೆವರು, ಕಣ್ಣೀರಿನಿಂದ ಹರಡದು. ಮೈಯಿಂದ ಹೊರಬಿದ್ದು ಒಣಗಿದರೆ ಬೇಗನೆ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಮಾತು: ಗಾಯವಿಲ್ಲದ ಚರ್ಮವೇ ನಮ್ಮ ದೊಡ್ಡ ರಕ್ಷಣೆ. ನೀವು ಬ್ಲೀಚಿಂಗ್ ಪುಡಿಯಿಂದ ಒಡೆದದ್ದು ಅದನ್ನೇ.

ನನಗೆ ಸ್ವತಃ ಸೂಜಿ ಚುಚ್ಚಿದೆ, ಅದೂ ಎಚ್‌ಐವಿ ಇರುವ ರಕ್ತ ತೆಗೆದ ಸೂಜಿ. ಅಂಥ ಸೂಜಿ ಚರ್ಮದೊಳಗೆ ಹೊಕ್ಕಾಗಲೂ ಸೋಂಕು ತಗಲುವ ಸಾಧ್ಯತೆ ಸುಮಾರು ಶೇಕಡ 0.3, ಅಂದರೆ ಮುನ್ನೂರರಲ್ಲಿ ಒಂದು. 72 ಗಂಟೆಯೊಳಗೆ ಆರಂಭಿಸಿದರೆ ಫಲ ಕೊಡುವ ಮುಂಜಾಗ್ರತೆಯ ಔಷಧವೂ ಇದೆ. ಅದನ್ನು 28 ದಿನ ನುಂಗಬೇಕು. ನಾನು ಪೂರ್ತಿ ನುಂಗಿದೆ. ಬಾಯಲ್ಲಿ ಲೋಹದ ರುಚಿ, ಬೆಳಿಗ್ಗೆ ಎದ್ದೊಡನೆ ವಾಕರಿಕೆ, ಮಧ್ಯಾಹ್ನಕ್ಕೆ ಕಾಲಲ್ಲಿ ಬಲವಿಲ್ಲ. ಆದರೂ ಒಂದು ದಿನ ರಜೆ ಹಾಕಲಿಲ್ಲ. ಸೋಂಕು ತಗಲಲಿಲ್ಲ. ಸೂಜಿಯ ಲೆಕ್ಕವೇ ಹೀಗಿರುವಾಗ ಲೋಟದ ಭಯವನ್ನು ನೀವು ಮನೆಯವರಿಗೆಲ್ಲ ಹಂಚಿದಿರಿ ಎಂದು ನನಗೆ ಬೇಸರವಿದೆ.

ಇಬ್ಬರು ಮಕ್ಕಳ ತಂದೆ:
ತಂತ್ರಜ್ಞರೇ, ಮುನ್ನೂರರಲ್ಲಿ ಒಂದು ಎಂದಾಗ ಆ ಒಂದು ನನ್ನ ಮಗುವಾದರೆ ಎಂಬ ಯೋಚನೆ ತಂದೆಯಾದವನಿಗೆ ಬಂದೇ ಬರುತ್ತದೆ. ಏನೂ ಆಗುವುದಿಲ್ಲವೆಂದರೆ ರೇಜರ್ ಮತ್ತು ಹಲ್ಲುಜ್ಜುವ ಬ್ರಷ್ ಬೇರೆ ಇಡಿ ಎಂದು ವೈದ್ಯರೇ ಏಕೆ ಹೇಳುತ್ತಾರೆ? ಮನೆಯೊಳಗೇ ಹರಡಿದ ಪ್ರಕರಣಗಳು 1990ರ ದಶಕದಲ್ಲಿ ವರದಿಯಾಗಿವೆ. ಅದನ್ನು ಏಕೆ ಬಿಟ್ಟಿರಿ?

ಪ್ರಯೋಗಾಲಯದ ತಂತ್ರಜ್ಞ:
ಆ ಲೆಕ್ಕ ಸೂಜಿಯದು, ಲೋಟದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ನೀವು ಹೇಳುವ ಬೆರಳೆಣಿಕೆಯ ಪ್ರಕರಣಗಳಲ್ಲಿ ಮಾತು ಬಂದದ್ದು ರಕ್ತ ತಾಗಿದ್ದರ ಬಗ್ಗೆ, ಊಟದ ತಟ್ಟೆಯ ಬಗ್ಗೆ ಅಲ್ಲ. ರಕ್ತ ಚೆಲ್ಲಿದರೆ ಕೈಗವಸು ಹಾಕಿ ಒರೆಸಿ, ಗಾಯಕ್ಕೆ ಪಟ್ಟಿ ಕಟ್ಟಿ, ರೇಜರ್ ಹಂಚಿಕೊಳ್ಳಬೇಡಿ. ಇದು ಎಚ್‌ಐವಿ ಇಲ್ಲದ ಮನೆಗೂ ಅನ್ವಯಿಸುತ್ತದೆ, ಏಕೆಂದರೆ ರಕ್ತದ ಮೂಲಕವೂ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಮೈಯ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು. ಅದಕ್ಕೆ ಲಸಿಕೆ ಇದೆ. ನಿಮ್ಮ ಮಕ್ಕಳಿಗೆ ಅದನ್ನು ಹಾಕಿಸಿದ್ದೀರಾ?

ರಾತ್ರಿ ಮಾತ್ರೆ:
ನೀವೆಲ್ಲ ನಮ್ಮಂಥವರನ್ನು ಮನೆಯಲ್ಲಿಟ್ಟುಕೊಂಡವರು; ನಾನು ಹಾಗೆ ಇರಿಸಿಕೊಳ್ಳಲ್ಪಟ್ಟವನು. ಮಾತ್ರೆ ಆರಂಭಿಸಿದಾಗ ನನ್ನ ಸಿಡಿ4 ಎಣಿಕೆ, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, 200ಕ್ಕಿಂತ ಬಹಳ ಕೆಳಗಿತ್ತು. ಆ ತಿಂಗಳುಗಳಲ್ಲಿ ಅಪಾಯ ಇದ್ದದ್ದು ನನ್ನಿಂದ ಮನೆಯವರಿಗಲ್ಲ, ಅವರಿಂದ ನನಗೆ. ಅಣ್ಣನಿಗೆ ಬಿಡದ ಕೆಮ್ಮು ಇತ್ತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅದು ಕ್ಷಯವಾಗಿತ್ತು, ನನಗೂ ಬಂತು. ನನ್ನ ತಟ್ಟೆಯನ್ನು ಮೂಲೆಯಲ್ಲಿಟ್ಟ ಮನೆಯವರು, ನಾನು ಮಲಗುವ ಕೋಣೆಯ ಕಿಟಕಿಯನ್ನು ಮಾತ್ರ ಸದಾ ಮುಚ್ಚಿಡುತ್ತಿದ್ದರು. ಕ್ಷಯದ ಔಷಧ, ಎಚ್‌ಐವಿಯ ಔಷಧ ಎರಡೂ ಒಟ್ಟಿಗೆ ನಡೆದ ಆ ಕಾಲದಲ್ಲಿ ತೂಕ ಇಳಿಯಿತು, ಕಣ್ಣು ಹಳದಿಯಾಯಿತು, ಕೆಲಸ ಹೋಯಿತು.

ಈಗ ನನ್ನ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲಿದೆ. ಹೀಗಿರುವವರಿಂದ ಲೈಂಗಿಕ ಸಂಪರ್ಕದಲ್ಲೂ ಸೋಂಕು ಹರಡುವುದಿಲ್ಲ. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನ ಸುಮಾರು 780 ಪುರುಷ ಜೋಡಿಗಳನ್ನು ಗಮನಿಸಿತು, ಸಂಗಾತಿಯಿಂದ ಸಂಗಾತಿಗೆ ಹರಡಿದ ಒಂದೂ ಪ್ರಕರಣ ಸಿಗಲಿಲ್ಲ. ಹೀಗಿರುವಾಗ ಹೊದಿಕೆಯ ಮಾತು ಏಕೆ?

ಆದರೆ ದೊಡ್ಡಕ್ಕನ ತಂಗಿಯವರೇ, ನಿಮ್ಮ ಬಗ್ಗೆಯೂ ನನಗೆ ಆಕ್ಷೇಪವಿದೆ. ನಿಮ್ಮ ಅಕ್ಕನಿಗೆ ಏನಿದೆ ಎಂಬುದನ್ನು ಬಂಧುಬಳಗಕ್ಕೆಲ್ಲ ಹೇಳಲು ಅವರ ಒಪ್ಪಿಗೆ ಕೇಳಿದ್ದಿರಾ? ನನ್ನ ವಿಷಯವನ್ನೂ ಹೀಗೆಯೇ ಒಬ್ಬರು ಒಳ್ಳೆಯ ಮನಸ್ಸಿನಿಂದ ಹೇಳಿದರು, ಆ ಮಾತು ಕೆಲಸದ ಜಾಗಕ್ಕೆ ತಲುಪಿತು.

ದೊಡ್ಡಕ್ಕನ ತಂಗಿ:
ಕೇಳಿದ್ದೆ. ಅವಳು ಬೇಡವೆನ್ನಲಿಲ್ಲ. ಅವಳು ಊಟ ಬಿಟ್ಟು ಮಲಗಿದ್ದಾಗ ಗುಟ್ಟು ಕಾಪಾಡಿಕೊಂಡು ಕೂತಿದ್ದರೆ ಇಂದು ನನಗೆ ಅಕ್ಕ ಇರುತ್ತಿರಲಿಲ್ಲ. ನಿಮಗಾದ ಅನ್ಯಾಯಕ್ಕೆ ನನ್ನ ಮೇಲೆ ಹರಿಹಾಯಬೇಡಿ.

ರಾತ್ರಿ ಮಾತ್ರೆ:
ಬೇಡವೆನ್ನದಿರುವುದು ಬೇರೆ, ಒಪ್ಪುವುದು ಬೇರೆ. ಆಗ ಅವರು ನಿಮ್ಮ ಆಸರೆಯಲ್ಲಿದ್ದರು.

ಅತ್ತಿಗೆ:
ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಈಗಾಗಲೇ ನಿಮೋನಿಯಾ ಆಗಿ ಹೋಗಿದೆ, ಕೆಮ್ಮು ಪೂರ್ತಿ ನಿಂತಿಲ್ಲ. ಮೈದುನ ಬರುವ ಮೊದಲು ಅವರ ಕಫ ಪರೀಕ್ಷೆ ಮಾಡಿಸಬೇಕೇ?

ರಾತ್ರಿ ಮಾತ್ರೆ:
ಖಂಡಿತ ಮಾಡಿಸಿ, ಅವನು ಬರುವ ಮೊದಲೇ. ಮಕ್ಕಳಿಗೆ ದಡಾರ ಅಥವಾ ಸೀತಾಳೆಸಿಡುಬು ಬಂದರೆ ಅವನ ವೈದ್ಯರಿಗೆ ಅಂದೇ ತಿಳಿಸಿ.

ಇಬ್ಬರು ಮಕ್ಕಳ ತಂದೆ:
ಅಂತೂ ಕೆಲವನ್ನು ಬೇರೆ ಇಡಬೇಕೆಂದು ಎಲ್ಲರೂ ಒಪ್ಪಿದಂತಾಯಿತು. ರೇಜರ್ ವಿಷಯದಲ್ಲಿ ನಾನು ಹೇಳಿದ್ದನ್ನೇ ತಂತ್ರಜ್ಞರೂ ಹೇಳಿದ್ದಾರೆ. ಲಸಿಕೆ ಹಾಕಿಸಿದ್ದೇನೆ, ಕಾರ್ಡೂ ಇದೆ.

ಪ್ರಯೋಗಾಲಯದ ತಂತ್ರಜ್ಞ:
ರೇಜರ್ ಮತ್ತು ಬ್ರಷ್, ಅಷ್ಟೇ. ಬಕೆಟ್ ಎಂದು ನಾನು ಎಲ್ಲಿಯೂ ಹೇಳಿಲ್ಲ.